ಗದ್ದಲವಿಲ್ಲದ ದಿನ

ವಿಜಾಪುರದಲ್ಲಿ ಯಾರ ಮನೆಗೆ ಪ್ರವಾಸದ ಹುಚ್ಚು ಹತ್ತಿದರೂ ಅವರು ಮೊದಲು ಪಂಚಾಂಗದ ಮುಖ ನೋಡುತ್ತಿರಲಿಲ್ಲ, ಶಂಕರರಾಯರ ಮುಖ ನೋಡುತ್ತಿದ್ದರು. ರಾಹುಕಾಲ ತಪ್ಪಿಸಿ ಹೊರಡುವ ವಿದ್ಯೆಯನ್ನು ಯಾವ ಜೋಯಿಸನಾದರೂ ಹೇಳಿಕೊಟ್ಟಾನು. ಆದರೆ ಶಾಲೆಯ ಸೂಟಿ ಎಂಬ ರಜೆಯ ದಿನಗಳನ್ನು ತಪ್ಪಿಸಿ, ಪುಣೆ ಸೊಲ್ಲಾಪುರಗಳಿಂದ ಇಳಿಯುವ ಪ್ರವಾಸಿಗರ ಹಿಂಡನ್ನು ತಪ್ಪಿಸಿ, ಹೆಂಡತಿ ಮಕ್ಕಳ ಸಮೇತ ಸುಖವಾಗಿ ಹೋಗಿ ಸುಖವಾಗಿ ಬರುವ ದಿನ ಯಾವುದೆಂದು ಹೇಳಬಲ್ಲವರು ಊರಿಗೆಲ್ಲ ಇವರೊಬ್ಬರೇ ಆಗಿದ್ದರು. ಶಾಲೆಗಳ ಮೇಲ್ವಿಚಾರಣೆಯ ಕಚೇರಿಯಲ್ಲಿ ಅವರು ಕಾರಕೂನರು. ಯಾವ ತಾಲೂಕಿನ ಶಾಲೆಗಳು ಎಂದು ಮುಚ್ಚುತ್ತವೆ, ನಾತಾಳದ, ಎಂದರೆ ಕ್ರಿಸ್‌ಮಸ್ಸಿನ, ಸೂಟಿಗೆ ಯಾವ ಊರಿನ ಹೈಸ್ಕೂಲಿನವರು ರೈಲು ಹತ್ತುತ್ತಾರೆ, ಬಾದಾಮಿಯ ಗುಹೆಗಳಲ್ಲಿ ಮಂಗಗಳಿಗಿಂತ ಹುಡುಗರು ಹೆಚ್ಚಾಗುವ ವಾರ ಯಾವುದು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ ಇರುತ್ತಿತ್ತು. ಕೇಳಿದವರಿಗೆ ಒಂದು ಗಳಿಗೆ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಮಣಮಣಿಸಿ, "ಸ್ವಲ್ಪ ತಡೀರಿ, ಗದ್ದಲ ಕಡಿಮಿ ಆಗಲಿ" ಎನ್ನುವರು. ಆ ಮಾತನ್ನು ಅವರು ಎಷ್ಟು ಸಲ ಆಡಿದ್ದರೆಂದರೆ ಕಚೇರಿಯ ಸಿಪಾಯಿಗಳು ಬೆನ್ನ ಹಿಂದೆ ಅದನ್ನೇ ಅವರ ಹೆಸರಾಗಿ ಮಾಡಿಕೊಂಡಿದ್ದರು.

ನೋಡಲು ಸಣಕಲು ಮನುಷ್ಯ. ಮೇ ತಿಂಗಳ ವಿಜಾಪುರದಲ್ಲಿ ಕಾಗೆ ಕೂಡ ಬಾಯಿ ತೆರೆದು ನೆರಳಿಗೆ ಕೂಡುತ್ತದೆ; ರಾಯರು ಮಾತ್ರ ಕುತ್ತಿಗೆಯವರೆಗೂ ಗುಂಡಿ ಬಿಗಿದ ಕರಿಯ ಆಲ್ಪಾಕಾ ಕೋಟನ್ನು ತೊಟ್ಟು, ಅದಕ್ಕೊಪ್ಪುವ ಕರಿಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬೆವರು ಒರೆಸುವುದು ಕೂಡ ಒಂದು ಗ್ರಾಮ್ಯಲಕ್ಷಣವೆಂಬಂತೆ ಅದನ್ನು ಇಳಿಯುವಷ್ಟು ಇಳಿಯಗೊಟ್ಟು ನಡೆಯುತ್ತಿದ್ದರು. ನಡೆಯುವುದೂ ರಸ್ತೆಯ ನಡುವೆ ಅಲ್ಲ, ಗೋಡೆಯ ಪಕ್ಕಕ್ಕೆ. ಎದುರಿಗೆ ಬರುವವರು ಯಾರೆಂದು ದೂರದಿಂದಲೇ ಅಳೆದು, ನಮಸ್ಕಾರಕ್ಕೆ ತಕ್ಕವರಾದರೆ ಕೈ ಎತ್ತುವುದಕ್ಕೆ, ತಕ್ಕವರಲ್ಲದಿದ್ದರೆ ಯಾವುದಾದರೂ ಸಂದಿಗೆ ತಿರುಗುವುದಕ್ಕೆ, ಗೋಡೆಯ ಪಕ್ಕವೇ ಅನುಕೂಲವೆಂದು ಅವರ ಅನುಭವ. ಶಂಕರರಾಯರೆಂಬ ಹೆಸರು ಕೂಡ ಈ ಕೋಟಿನ ಹಾಗೆ ಮೇಲೆ ತೊಟ್ಟುಕೊಂಡದ್ದು. ಘೋಣಸಗಿಯ ಒಕ್ಕಲುಮನೆಯಲ್ಲಿ ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಶಂಕ್ರೆಪ್ಪ. ಕಚೇರಿಗೆ ಸೇರಿದ ಹೊಸತರಲ್ಲಿ ಮೇಲಿನವರೊಬ್ಬರು ಅದನ್ನು ಉಚ್ಚರಿಸುವಾಗ ಸಣ್ಣಗೆ ನಕ್ಕರಂತೆ. ಆ ನಗೆ ಇವರಿಗೆ ಮುಳ್ಳಿನಂತೆ ನೆಟ್ಟು, ವರುಷ ತುಂಬುವುದರೊಳಗೆ ಶಂಕ್ರೆಪ್ಪ ಹೋಗಿ ಶಂಕರರಾಯರು ಬಂದಿದ್ದರು.

ಅವರ ಮಾತು ಮೀರಿ ಕೆಟ್ಟವರ ಕಥೆಗಳು ಊರಲ್ಲಿ ಬೇಕಾದಷ್ಟಿದ್ದವು. ಬಬಲೇಶ್ವರದ ವ್ಯಾಪಾರಿ ಸಂಗಣ್ಣ ಒಮ್ಮೆ ಮನೆಮಂದಿಯನ್ನೆಲ್ಲ ಬಾದಾಮಿಗೆ ಕರೆದೊಯ್ಯುವ ಹುರುಪಿನಲ್ಲಿ ಇವರನ್ನು ಕೇಳಲು ಬಂದ. "ದೀಪಾವಳಿ ಸೂಟಿ ಒಳಗ ಕಾಲ ಇಡಬ್ಯಾಡ್ರಿ ಸಂಗಣ್ಣಾರ. ಸಾಲಿ ಸುರು ಆಗಲಿ" ಎಂದರು ರಾಯರು. ಅಂಗಡಿಯವನಿಗೆ ಹಬ್ಬ ಬಿಟ್ಟರೆ ಬಿಡುವೆಲ್ಲಿ? ಆತ ಹಬ್ಬದ ಮರುದಿನವೇ ಹೊರಟ. ಧರ್ಮಶಾಲೆಯಲ್ಲಿ ಜಾಗವಿಲ್ಲ, ಹೊಂಡದಲ್ಲಿ ಕಾಲಿಡಲು ಮೆಟ್ಟಿಲಿಲ್ಲ. ಕಟ್ಟಿಕೊಂಡು ಹೋದ ಉಂಡಿ ಚಕ್ಕುಲಿಗಳಲ್ಲಿ ಅರ್ಧ ಮಂಗಗಳ ಪಾಲು, ಅರ್ಧ ಯಾವುದೋ ಹೈಸ್ಕೂಲಿನ ಹುಡುಗರ ಪಾಲು. ಗುಹೆಯಲ್ಲಿ ಏನೇನಿತ್ತೆಂದು ಕೇಳಿದರೆ, "ಮಂದಿ ಬೆನ್ನ ಇದ್ದುವು" ಎಂದು ಸಂಗಣ್ಣ ಬಹಳ ದಿನ ಹೇಳಿಕೊಂಡು ತಿರುಗಿದ. ರಾಯರು ಇದನ್ನು ಕೇಳಿ ನಗಲಿಲ್ಲ. ತಮ್ಮ ಶಾಸ್ತ್ರ ಸುಳ್ಳಾಗದ ಸಮಾಧಾನದಲ್ಲಿ ಕೋಟಿನ ಮೇಲಿನ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಇಷ್ಟೆಲ್ಲ ಬಲ್ಲವರು ತಾವು ಮಾತ್ರ ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋದವರಲ್ಲ. "ಊರ ಮಂದಿಗೆಲ್ಲ ದಿವಸ ತಗದು ಕೊಡ್ತೀರಿ, ನಮ್ಮ ಮನಿ ಪಾಲಿಗೆ ಗದ್ದಲ ಯಾವಾಗ ಕಡಿಮಿ ಆಗ್ತೈತ್ರಿ?" ಎಂದು ಹೆಂಡತಿ ಗೌರಾಬಾಯಿ ಚುಚ್ಚುವಳು. ಗೋಲಗುಮ್ಮಟ ಮನೆಯ ಮಾಳಿಗೆಯಿಂದಲೇ ಕಾಣುತ್ತಿತ್ತು. ರಾಯರು ಅದನ್ನು ಹತ್ತಿದ್ದು ಆಯುಷ್ಯದಲ್ಲಿ ಒಮ್ಮೆ, ಟಿಕೋಟಿಯ ಶಾಲೆಯ ಹುಡುಗನಾಗಿದ್ದಾಗ, ಮಾಸ್ತರರ ಹಿಂದೆ ಸಾಲು ಹಿಡಿದು. ಅಂದು ಹುಡುಗರು ಹಾಕಿದ ಕೇಕೆಗೆ ಒಬ್ಬರ ಮಾತು ಒಬ್ಬರಿಗೆ ಕೇಳಿರಲಿಲ್ಲ. ಗದ್ದಲದ ಮೇಲಿನ ಅವರ ವೈರ ಅಲ್ಲಿಂದಲೇ ಮೊದಲಾಯಿತೆಂದು ಓಣಿಯವರ ನಂಬಿಕೆ. ಅದು ಪೂರ್ತಿ ನಿಜವಲ್ಲ. ನಿಜವನ್ನು ಹೇಳಬೇಕಾದರೆ ಅವರ ಅಕ್ಕ ರೇಣವ್ವನ ಸಂಗತಿ ಹೇಳಬೇಕು.

ತಾಯಿ ತೀರಿಕೊಂಡಾಗ ಶಂಕ್ರೆಪ್ಪ ಇನ್ನೂ ನೆಟ್ಟಗೆ ನಡೆಯಲೂ ಕಲಿಯದ ಕೂಸು. ರೇಣವ್ವನಿಗೆ ಆಗಷ್ಟೇ ಕಳ್ಳಕವಟಗಿಯ ಒಕ್ಕಲಿಗ ಅಮರಪ್ಪನೊಡನೆ ಮದುವೆಯಾಗಿತ್ತು. ಹೆಣ್ಣುಮಕ್ಕಳು ಗಂಡನ ಮನೆಗೆ ಬುತ್ತಿಯ ಗಂಟು ಹೊತ್ತು ಹೋಗುತ್ತಾರೆ. ಈಕೆ ಗಂಟಿನ ಜೊತೆಗೆ ತಮ್ಮನನ್ನೂ ಬಗಲಲ್ಲಿ ಹೊತ್ತು ಹೋದಳು. ಅತ್ತೆ ಮೂಗು ಮುರಿದರೂ ಅಮರಪ್ಪ ಮಾತ್ರ, "ಬೆಳೀಲಿ ಬಿಡು, ನಾಕ ಆಡುಮರಿ ಕೂಡ ಇದೊಂದ" ಎಂದು ನಕ್ಕುಬಿಟ್ಟ. ಮುಂದೆ ಹುಡುಗನಿಗೆ ಅಕ್ಷರ ಹತ್ತುತ್ತದೆಂದು ಯಾರೋ ಹೇಳಿದ್ದೇ ತಡ, ರೇಣವ್ವ ಅವನನ್ನು ಟಿಕೋಟಿಯ ಶಾಲೆಗೆ ಹಾಕಿ, ಬೀಗರ ಮನೆಯೊಂದರಲ್ಲಿ ಇಳಿಸಿ, ಸಂತೆಸಂತೆಗೆ ರೊಟ್ಟಿಯ ಗಂಟು ಹೊತ್ತು ಬರತೊಡಗಿದಳು. ಶಾಲೆಯ ಅಂಗಳದ ಹೊರಗೆ ನಿಂತು, "ಶಂಕ್ರ್ಯಾ!" ಎಂದು ಕೂಗಿದರೆ ಒಳಗೆ ಹಲಗೆಯ ಮೇಲೆ ಬರೆಯುತ್ತಿದ್ದ ಮಾಸ್ತರರ ಕೈಯಲ್ಲಿನ ಖಡು ನಿಲ್ಲುತ್ತಿತ್ತು. ಹೊಲದ ಈ ಬದುವಿನಿಂದ ಆ ಬದುವಿನವರಿಗೆ ಮಾತು ಮುಟ್ಟಿಸಿ ರೂಢಿಯಾದ ಕಂಠ ಅದು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುವಂಥದು. ಆಗ ಆ ಕೂಗು ಶಂಕ್ರೆಪ್ಪನಿಗೆ ಅಮೃತವಾಗಿತ್ತು, ಏಕೆಂದರೆ ಅದರ ಹಿಂದೆಯೇ ಶೇಂಗಾ ಹಿಂಡಿ, ಕೆನೆಮೊಸರು ಬರುತ್ತಿದ್ದವು.

ದೊಡ್ಡವರಾಗಿ ಕಾರಕೂನರಾಗಿ ಕೋಟು ತೊಟ್ಟ ಮೇಲೆ ಅದೇ ಕೂಗಿಗೆ ರಾಯರ ಬೆನ್ನಿನಲ್ಲಿ ಬೆವರು ಒಡೆಯತೊಡಗಿತು. ಅವರ ಓಣಿಯ ತುಂಬ ಕಚೇರಿಯವರದೇ ಬಿಡಾರಗಳು. ರೇಣವ್ವ ಮೋಟಾರಿನಿಂದ ಇಳಿದು ಓಣಿಯ ತಿರುವಿಗೆ ಬರುವಾಗಲೇ, "ಶಂಕ್ರ್ಯಾ, ಮನ್ಯಾಗ ಅದಿಯೇನೋ?" ಎಂದು ಕೇಳಿದರೆ, ಎಲ್ಲ ಕಿಟಕಿಗಳೂ ತಿರುಗಿ ನೋಡಿದಂತೆ ಅವರಿಗೆ ಭಾಸವಾಗುತ್ತಿತ್ತು. ಬೇಡವೆನ್ನುವ ಧೈರ್ಯವಿಲ್ಲ, ಬಾ ಎನ್ನುವ ಮನಸ್ಸಿಲ್ಲ. ಕೊನೆಗೆ ತಮ್ಮ ಶಾಸ್ತ್ರವನ್ನೇ ಇಲ್ಲಿಗೂ ಹೂಡಿದರು. "ಯಕ್ಕಾ, ಸೂಟಿ ಒಳಗ ಬಾ ಬೇ. ಆಗ ನನಗೂ ಕೆಲಸ ಕಡಿಮಿ" ಎಂದರು. ಸೂಟಿಯಲ್ಲಿ ಓಣಿಯವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿ ಬಾಗಿಲುಗಳಿಗೆ ಬೀಗ ಬಿದ್ದಿರುತ್ತಿತ್ತು. ಪಾಪ, ಆಕೆ ಅದನ್ನು ಪ್ರೀತಿಯೆಂದು ತಿಳಿದು ಸೂಟಿ ಸೂಟಿಗೆ ಬಂದಳು. ಬಂದವಳು ಪ್ರತಿಸಲವೂ ಒಂದನ್ನೇ ಕೇಳುವಳು: "ಒಮ್ಮೆ ಗುಮ್ಮಟ ತೋರಸೋ ತಮ್ಮಾ." ರಾಯರು ಪ್ರತಿಸಲವೂ ಹೇಳುವರು: "ಈಗ ಸೂಟಿ ಯಕ್ಕಾ, ಹೊರಗಿನ ಮಂದಿ ಭಾಳ. ಗದ್ದಲ ಕಡಿಮಿ ಆಗಲಿ." ಹೀಗೆ ಮನೆಗೆ ಬರಬೇಕಾದರೆ ಸೂಟಿ ಇರಬೇಕು, ಗುಮ್ಮಟ ನೋಡಬೇಕಾದರೆ ಸೂಟಿ ಇರಬಾರದು ಎಂಬ ಕಟ್ಟಳೆಯೊಳಗೆ ಆ ಹೆಣ್ಣುಮಗಳು ಸಿಕ್ಕಿಬಿದ್ದಳು. ಅವಳ ತಲೆ ನೆರೆಯಿತು, ಗುಮ್ಮಟ ಇದ್ದಲ್ಲೇ ಇತ್ತು.

ಇದನ್ನು ಓದುವವರಿಗೆ ರಾಯರು ಕಲ್ಲೆದೆಯವರೆಂದು ಅನಿಸೀತು. ಹಾಗಲ್ಲ. ಅಕ್ಕ ಬಂದಾಗ ಮನೆಯೊಳಗೆ ಅವಳ ಕಾಲ ಬಳಿ ಕುಳಿತು ಉಣ್ಣುವರು, ಅವಳು ಬೈದರೆ ಮಗುವಿನಂತೆ ನಗುವರು. ಹೊಸ್ತಿಲ ಒಳಗೆ ಅವರು ಶಂಕ್ರ್ಯಾ. ಹೊಸ್ತಿಲ ಹೊರಗಿನ ಶಂಕರರಾಯರಿಗೆ ಮಾತ್ರ ಈ ಶಂಕ್ರ್ಯಾನ ಗುರುತು ಇರಕೂಡದು, ಅಷ್ಟೇ. ಎರಡು ದೋಣಿಯಲ್ಲಿ ಕಾಲಿಟ್ಟವರ ಪಾಡು ನಮಗೆಲ್ಲ ಗೊತ್ತಿರುವುದೇ.

ಮಹಾಯುದ್ಧ ಮುಗಿದ ಎರಡನೆಯ ದೀಪಾವಳಿ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ, ಇದ್ದಲಿಯ ಹೊಗೆಯಲ್ಲಿ ಕೆಮ್ಮುತ್ತ ಓಡುತ್ತಿದ್ದ ಮೋಟಾರುಗಳು ಮತ್ತೆ ಮೈ ತುಂಬಿಕೊಂಡಿದ್ದವು. ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಜನವೆಲ್ಲ ಆ ಸೂಟಿಯಲ್ಲಿ ಒಮ್ಮೆಲೇ ಹೊರಬಿದ್ದುದರಿಂದ ಗುಮ್ಮಟದ ಅಂಗಳದಲ್ಲಿ ಟಾಂಗಾ ನಿಲ್ಲಿಸಲೂ ಜಾಗವಿರಲಿಲ್ಲ. ಆ ಸಲ ಬಂದ ರೇಣವ್ವ ಎಂದಿನಂತೆ ಕೇಳಲಿಲ್ಲ. ಊಟವಾದ ಮೇಲೆ ಎಲೆಗೆ ಸುಣ್ಣ ಸವರುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಮೊದಲ ಟಿಕೋಟಿ ಸಂತಿಗೆ ಬಂದಾಗ ಏರಿನ ಮ್ಯಾಲ ನಿಂತರ ಗುಮ್ಮಟ ಕಾಣತಿತ್ತೋ ತಮ್ಮಾ. ಅಲ್ಲೇ ನನ್ನ ಶಂಕ್ರ್ಯಾ ಅದಾನ ಅಂತ ಒಂದ ಗಳಿಗಿ ನಿಂತ ಹೋಗ್ತಿದ್ದೆ. ಈಗ ಕಾಣವಲ್ದು. ಕಣ್ಣಿಗೆ ಪರಿ ಬರಾಕತ್ತೈತಿ."

ಅಕ್ಕನಿಗೆ ಗುಮ್ಮಟ ತೋರಿಸಿಯೇ ಬಿಡಬೇಕೆಂದು ರಾಯರು ಅಂದೇ ನಿಶ್ಚಯಿಸಿದರು. ಆದರೆ ನಿಶ್ಚಯದಲ್ಲಿಯೂ ಶಾಸ್ತ್ರ ಬಿಡಲಿಲ್ಲ. ಸೂಟಿ ಮುಗಿದು ಶಾಲೆ ತೆರೆಯುವ ಮೊದಲ ದಿನ. ಹುಡುಗರು ಶಾಲೆಗೆ, ಮಾಸ್ತರರು ಹಾಜರಿಗೆ, ಕಚೇರಿಯವರು ಕಚೇರಿಗೆ, ಪರಊರವರು ತಮ್ಮ ಊರಿಗೆ. ವರುಷದಲ್ಲಿ ಗುಮ್ಮಟ ಬರಿದಾಗಿ ನಿಲ್ಲುವ ದಿನವೆಂದರೆ ಅದೇ. ಅಕ್ಕನನ್ನು ಅಲ್ಲಿಯವರೆಗೆ ಇರಿಸಿಕೊಂಡು, ಕಚೇರಿಯಿಂದ ಒಂದು ದಿನದ ರಜೆ ಪಡೆದು, ಬೆಳಗಾಗುತ್ತಲೇ ಹಿತ್ತಲ ಸಂದಿಯಿಂದ ಹೊರಡಿಸಿದರು. "ಇದು ಒಳದಾರಿ ಯಕ್ಕಾ" ಎಂದರು. ರೇಣವ್ವ ಹಬ್ಬಕ್ಕೆಂದು ಉಟ್ಟ ಇಳಕಲ್ಲಿನ ಸೀರೆಯನ್ನೇ ಉಟ್ಟು, ಹಣೆತುಂಬ ವಿಭೂತಿ ಧರಿಸಿ, ಗುಮ್ಮಟದ ನೆರಳಿನಲ್ಲಿ ತಮ್ಮನೂ ತಾನೂ ಕೂಡಿ ಉಣ್ಣಬೇಕೆಂದು ರೊಟ್ಟಿಯ ಗಂಟನ್ನು ಬಗಲಲ್ಲಿ ಇರುಕಿಕೊಂಡು, ಒಳದಾರಿಯ ಗಟಾರುಗಳನ್ನು ಹುಡುಗಿಯಂತೆ ಹಾರುತ್ತ ಬಂದಳು.

ಗುಮ್ಮಟದ ಕಾವಲಿನ ಯಾಕೂಬ ರಾಯರನ್ನು ಕಂಡು ಸಲಾಮು ಮಾಡಿದ. "ಚೊಲೋ ದಿವಸ ಬಂದ್ರಿ ನೋಡ್ರಿ. ಸೂಟಿ ಒಳಗ ಹುಡುಗೋರ ಒದರಾಟಕ್ಕ ಯಾರ ಮಾತು ಯಾರಿಗೂ ಕೇಳಸೂದಿಲ್ರಿ. ಇವತ್ತ ಈ ಕಡಿ ಕಡ್ಡಿ ಗೀರಿದ್ರ ಆ ಕಡಿ ಕೇಳ್ತೈತಿ. ಗ್ವಾಡಿಗೆ ಕಿವಿ ಹಚ್ಚಿ ಕುಂದ್ರಬೇಕ್ರಿ, ಅಷ್ಟ" ಎಂದ. ರಾಯರಿಗೆ ತಮ್ಮ ಲೆಕ್ಕಾಚಾರದ ಬಗ್ಗೆ ಹೆಮ್ಮೆಯೆನಿಸಿತು.

ಮೂಲೆಯ ಮಿನಾರಿನ ಸುತ್ತುಮೆಟ್ಟಿಲುಗಳನ್ನು ರೇಣವ್ವ ಮೊಣಕಾಲ ಮೇಲೆ ಕೈಯೂರಿ ಹತ್ತಿದಳು. ನಡುವೆ ಕುಳಿತು, "ಏ ಶಂಕ್ರ್ಯಾ, ಇದನ್ನ ಕಟ್ಟಿಸಿದಾವಗ ಮಣಕಾಲ ಇದ್ದಿಲ್ಲೇನೋ?" ಎಂದು ಕೇಳಿ ತಾನೇ ನಕ್ಕಳು. ಮೇಲಿನ ಮೊಗಸಾಲೆಗೆ ಕಾಲಿಟ್ಟು, ತಲೆಯ ಮೇಲೆ ಆ ಅಪಾರ ಗೋಳ, ಕಾಲ ಕೆಳಗೆ ಆ ಅಪಾರ ಆಳ, ನಡುವೆ ತಾನೊಂದು ಇರುವೆಯಾಗಿ ನಿಂತಾಗ, ಬಾಯಿ ಮುಚ್ಚದ ಆ ಹೆಣ್ಣುಮಗಳು ಮೊದಲ ಸಲ ಮೌನವಾದಳು. ಆಮೇಲೆ ಎದೆ ತುಂಬಿ ಬಂದವರು ದೇವರ ಹೆಸರು ಕೂಗುವ ಹಾಗೆ ಕೂಗಿದಳು:

"ಶಂಕ್ರ್ಯಾ!"

ಗುಮ್ಮಟ ಅದನ್ನು ಎತ್ತಿಕೊಂಡು ಮತ್ತೆ ಮತ್ತೆ ಕೂಗಿತು. ರೇಣವ್ವ ಕೈತಟ್ಟಿ ನಕ್ಕಳು. ನಗೆಯೂ ಸುತ್ತು ಹಾಕಿ ಬಂತು. "ನೋಡೋ ತಮ್ಮಾ, ನಿನ್ನ ಹೆಸರ ಎಷ್ಟ ಮಂದಿ ಕರ್ಯಾಕತ್ತಾರ!"

"ಯಕ್ಕಾ, ಒದರಬ್ಯಾಡ ಬೇ. ಯಾರರ ಕೇಳ್ಯಾರು."

"ಇಲ್ಲಿ ಯಾರದಾರೋ ಕೇಳಾಕ? ಯಾರೂ ಇರೂದಿಲ್ಲಂತ ನೀನ ಹೇಳೀದಿ."

ಇವಳನ್ನು ಸುಮ್ಮನಿರಿಸುವ ಉಪಾಯವೆಂದು ರಾಯರು ಅವಳನ್ನು ಗೋಡೆಯ ಪಕ್ಕಕ್ಕೆ ಕೂಡಿಸಿ, ಕಿವಿಯನ್ನು ಗೋಡೆಗೆ ಹಚ್ಚಿಸಿ, "ನಾ ಎದುರಗಡೆ ಹೋಗಿ ಸಣ್ಣಗ ಮಾತಾಡ್ತೇನಿ. ಇಲ್ಲಿ ಕೇಳ್ತೈತಿ ನೋಡು. ಒದರಬ್ಯಾಡ ಮತ್ತ, ಸುಮ್ಮ ಕೇಳು" ಎಂದರು. ರೇಣವ್ವ ಕಣ್ಣು ಮುಚ್ಚಿ, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಯ ಮೂಲೆಯಲ್ಲಿ ನಗೆ ಹಿಡಿದು, ತಮ್ಮನ ಮಾತಿಗೆ ಕಿವಿಗೊಟ್ಟು ಕುಳಿತಳು.

ರಾಯರು ಅರ್ಧ ಸುತ್ತು ನಡೆದು ಎದುರಿಗೆ ಮುಟ್ಟುವಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಇಬ್ಬರು ಹೆಂಗಸರು ಹೊರಬಂದರು. ಒಬ್ಬರು ಅವರ ಸಾಹೇಬರ ಹೆಂಡತಿ ವತ್ಸಲಾಬಾಯಿ. ಇನ್ನೊಬ್ಬರು ಆಕೆಯ ನಾದಿನಿ, ಹಬ್ಬಕ್ಕೆ ಪುಣೆಯಿಂದ ಬಂದವರು. "ಓ, ರಾಯರು! ನೀವು ಹೇಳಿದ ದಿವಸಾನ ಬಂದೀವಿ ನೋಡ್ರಿ. ಗದ್ದಲ ಇಲ್ಲ ಏನಿಲ್ಲ" ಎಂದರು ವತ್ಸಲಾಬಾಯಿ. ಆಗ ರಾಯರಿಗೆ ನೆನಪಾಯಿತು. ತಿಂಗಳ ಹಿಂದೆ ಸಿಪಾಯಿಯ ಕೂಡ ಕೇಳಿಕಳಿಸಿದಾಗ ಸಾಹೇಬರ ಮನೆಯವರಿಗೂ, ಎಲ್ಲರಿಗೆ ಹೇಳುವಂತೆ, ಶಾಲೆ ತೆರೆಯುವ ಮೊದಲ ದಿನವೆಂದೇ ಹೇಳಿ ಕಳಿಸಿದ್ದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿದ್ದಿತ್ತು.

ಪುಣೆಯ ನಾದಿನಿ ಎದುರುಗಡೆ ಕುಳಿತವಳನ್ನು ಕಂಡು ಮರಾಠಿಯಲ್ಲಿ ಏನೋ ಕೇಳಿದರು. ವತ್ಸಲಾಬಾಯಿ ಅದನ್ನೇ ಕನ್ನಡದಲ್ಲಿ, ಯಾವ ಕುಹಕವೂ ಇಲ್ಲದೆ ಕೇಳಿದರು: "ಅಲ್ಲಿ ಕೂತಾರಲ್ಲ, ನಿಮ್ಮ ಪೈಕಿ ಏನ್ರಿ?"

ಅಲ್ಲಿ ಒಂದು ಹೌದು ಎಂದಿದ್ದರೆ ಮುಗಿದಿತ್ತು. ಆದರೆ ಸಿಪಾಯಿಗಳ ನಗೆ, ಮೇಲಿನವರ ನಗೆ, ಸಾಹೇಬರ ಊಟದ ಹೊತ್ತಿನಲ್ಲಿ ಈ ಹೆಂಗಸರು ಆಡಿಕೊಳ್ಳಬಹುದಾದ ಮಾತು, ಎಲ್ಲವೂ ಒಂದೇ ಗಳಿಗೆಯಲ್ಲಿ ರಾಯರ ಕಣ್ಣ ಮುಂದೆ ಸುಳಿದವು. ತಮ್ಮ ತುಟಿ ಅಲುಗುವುದು ಅಕ್ಕನಿಗೆ ಕಾಣಬಾರದೆಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ದನಿ ತಗ್ಗಿಸಿ ಹೇಳಿದರು:

"ಅಲ್ರಿ ಬಾಯಿಸಾಹೇಬ್ರ. ನಮ್ಮ ಹೊಲದಾಗ ದುಡಿಯೂ ಆಳಿನಾಕಿ. ಗುಮ್ಮಟ ತೋರಸ್ರಿ ಅಂತ ಗಂಟ ಬಿದ್ಲು. ಹಳ್ಳಿ ಮಂದಿ, ತಿಳಿವಳಿಕಿ ಇಲ್ಲ, ಒದರತಾಳ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

ಪರೆ ಬಂದ ಕಣ್ಣಿಗೆ ಅಷ್ಟು ದೂರದ ತುಟಿ ಹೇಗೂ ಕಾಣುತ್ತಿರಲಿಲ್ಲ. ಗೋಡೆಗೆ ಕಿವಿ ಇದೆಯೆಂದು ಎಲ್ಲ ಊರುಗಳಲ್ಲೂ ಹೇಳುತ್ತಾರೆ. ವಿಜಾಪುರದಲ್ಲಿ ಮಾತ್ರ ಗೋಡೆಗೆ ಬಾಯಿಯೂ ಇದೆ. ಸೂಟಿಯ ಗದ್ದಲವಿದ್ದಿದ್ದರೆ ಆ ಮಾತು ಹುಡುಗರ ಕೇಕೆಯಲ್ಲಿ ಎಲ್ಲಿ ಮುಳುಗಿ ಹೋಗುತ್ತಿತ್ತೋ. ರಾಯರೇ ಆರಿಸಿ ತಂದ ಆ ನಿಶ್ಶಬ್ದದಲ್ಲಿ ಅದು ಒಂದಕ್ಷರವೂ ಕೆಡದೆ ಗೋಡೆಯ ಬೆನ್ನಿಗೆ ಹತ್ತಿಕೊಂಡು ಹೋಗಿ, ಅದಕ್ಕಾಗಿಯೇ ಕಾದಿದ್ದ ಕಿವಿಯನ್ನು ಮುಟ್ಟಿತು.

ಆಡಿದ ಮೇಲೆ ರಾಯರಿಗೆ ತಾವು ನಿಂತ ಜಾಗ ಹೊಳೆಯಿತು. ತಿರುಗಿ ನೋಡಿದರು. ರೇಣವ್ವ ಇನ್ನೂ ಕಿವಿಯನ್ನು ಗೋಡೆಗೆ ಹಚ್ಚಿಯೇ ಕುಳಿತಿದ್ದಳು. ಇದಾದ ಮೇಲೆ ಮತ್ತೊಂದು ಮಾತು ಬರಬಹುದೆಂದೋ ಏನೋ, ಕೆಲಹೊತ್ತು ಹಾಗೆಯೇ ಇದ್ದಳು. ಮತ್ತೊಂದು ಮಾತು ಬರಲಿಲ್ಲ. ಆಮೇಲೆ ಮೆಲ್ಲಗೆ ತಲೆಯೆತ್ತಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಗಂಟನ್ನು ಹೊತ್ತು ಎದ್ದಳು. ಗೋಡೆಯನ್ನು ಕೈಯಲ್ಲಿ ಸವರುತ್ತ ಸುತ್ತಿ ಬಂದವಳು ಹೆಂಗಸರಿಂದ ನಾಲ್ಕು ಮಾರು ಆಚೆಯೇ ನಿಂತು, ನಡು ಬಗ್ಗಿಸಿ, ರಾಯರು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದ ಸಣ್ಣ ದನಿಯಲ್ಲಿ ಹೇಳಿದಳು:

"ಧಣ್ಯಾರ, ಬಿಸಲ ಏರಾಕತ್ತೈತ್ರಿ. ನಾ ಕೆಳಗ ಕುಂತಿರ್ತೇನ್ರಿ."

ರಾಯರ ಬಾಯಿಯವರೆಗೆ ಯಕ್ಕಾ ಎಂಬ ಮಾತು ಬಂದಿತ್ತು. ಹೊರಗೆ ಬಂದದ್ದು ಬೇರೆ. "ಹ್ಞೂಂ, ನಡಿ" ಎಂದರು, ಧಣಿಗಳು ಎನ್ನುವ ಹಾಗೆಯೇ. ಮೊದಲಿನ ಸುಳ್ಳು ಗಾಬರಿಯಲ್ಲಿ ಬಂದದ್ದೆಂದು ಕ್ಷಮಿಸಬಹುದಿತ್ತು. ಈ ಎರಡನೆಯದಕ್ಕೆ ಕ್ಷಮೆಯಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ವತ್ಸಲಾಬಾಯಿ ಯಾವ ಕಾರಣಕ್ಕೋ ಮುಖ ತಿರುಗಿಸಿ ಕೆಳಗಿನ ಗೋರಿಗಳನ್ನು ನೋಡತೊಡಗಿದರು.

ರೇಣವ್ವ ಮನೆಗೆ ಬರದೆ ಅಲ್ಲಿಂದಲೇ ಊರಿಗೆ ಹೊರಟಳು. ಮೋಟಾರು ನಿಲ್ಲುವ ಜಾಗದವರೆಗೆ ರಾಯರು ಮುಂದೆ, ಆಕೆ ಹಿಂದೆ. ಈಗ ಅವರು ನಡುರಸ್ತೆಯಲ್ಲಿ ನಡೆದರು. ನಿಂತು ಅವಳನ್ನು ಕೂಡಿಕೊಳ್ಳಲು ನೋಡಿದರು. ಅವರು ನಿಂತರೆ ಅವಳೂ ನಿಲ್ಲುವಳು. ಆಳುಮಕ್ಕಳು ಧಣಿಯಿಂದ ಎಷ್ಟು ದೂರ ನಡೆಯಬೇಕೋ ಅಷ್ಟು ದೂರವನ್ನು ಆಕೆ ಕೊನೆಯವರೆಗೂ ಕಡಿಮೆ ಮಾಡಲಿಲ್ಲ. ಮೋಟಾರು ಹತ್ತುವಾಗ ಬಿಚ್ಚದ ರೊಟ್ಟಿಯ ಗಂಟನ್ನು ಅವರ ಕೈಗೆ ಕೊಟ್ಟು, "ಮನ್ಯಾಗ ಕೊಡ್ರಿ" ಎಂದಳು.

"ಯಕ್ಕಾ, ಅದು... ಬಾಯಿ ತಪ್ಪಿ ಬಂತು ಬೇ."

"ಇರ್ಲಿ ಬಿಡ್ರಿ. ಗುಮ್ಮಟ ಭಾಳ ಚಂದ ಐತ್ರಿ. ನೀವು ಹೇಳಿದಂಗ ಎಲ್ಲಾ ಸ್ವಚ್ಛ ಕೇಳಸ್ತೈತ್ರಿ."

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ರಾಯರು ಬದುಕಿಕೊಳ್ಳುತ್ತಿದ್ದರು.

ಎಂಟು ಹತ್ತು ದಿನಗಳ ಮೇಲೆ ಯಾವುದೋ ಕಾಗದಕ್ಕೆ ಸಹಿಯಾಗಬೇಕಿದ್ದು ರಾಯರು ಸಾಹೇಬರ ಬಂಗಲೆಗೆ ಹೋದರು. ಸಾಹೇಬರು ಸ್ನಾನಕ್ಕೆ ಹೋಗಿದ್ದರು. ವತ್ಸಲಾಬಾಯಿ ಚಹಾ ತಂದಿಟ್ಟು, ಸ್ವಲ್ಪ ಅನುಮಾನಿಸಿ ಕೇಳಿದರು: "ನಿಮ್ಮ ಅಕ್ಕಾವ್ರು ಊರಿಗೆ ಹೋದ್ರೇನ್ರಿ?"

ರಾಯರು ಎತ್ತಿದ ಕಪ್ಪುಬಸಿಯನ್ನು ಕೆಳಗಿಟ್ಟರು.

"ತಪ್ಪು ತಿಳೀಬ್ಯಾಡ್ರಿ. ಆಳಿನಾಕಿ ಎಲ್ಯರ ಧಣೀನ್ನ ಶಂಕ್ರ್ಯಾ ಅಂತ ಕರೀತಾಳೇನ್ರಿ? ನಾವು ಇನ್ನೂ ಮೆಟ್ಟಲ ಮ್ಯಾಲ ಇದ್ವಿ, ಆಗ ಕೇಳ್ತು. ನೀವು ಯಕ್ಕಾ ಅಂದದ್ದೂ ಕೇಳ್ತು. ಆ ಶಂಕ್ರ್ಯಾ ಅನ್ನೂದನ್ನ ಕೇಳಿ ನಮ್ಮ ನಾದಿನಿ ಅಲ್ಲೇ ನಿಂತಬಿಟ್ಲು. ಹಿಂಗ ಹೆಸರ ಹಿಡದು ಕರ್ಯಾವ್ರು ನಮಗ ಯಾರೂ ಉಳದಿಲ್ಲ ವಹಿನಿ, ಯಾರೋ ಪುಣ್ಯವಂತರು ಅಂದ್ಲು. ಅದಕ್ಕ ನಿಮ್ಮನ್ನ ಕೇಳಿದ್ವಿ."

ರಾಯರು ಚಹಾ ಕುಡಿಯದೆ, ಸಹಿಗೂ ಕಾಯದೆ ಹೊರಬಿದ್ದರು. ಯಾರು ನಗುತ್ತಾರೆಂದು ಹೆದರಿ ಆ ಸುಳ್ಳನ್ನು ಹೇಳಿದ್ದರೋ ಅವರು ಅದನ್ನು ಒಂದು ಗಳಿಗೆಯೂ ನಂಬಿರಲಿಲ್ಲ, ನಗಲೂ ಇಲ್ಲ, ಇವರ ಭಾಗ್ಯಕ್ಕೆ ಕರುಬಿದ್ದರು. ಆ ಸುಳ್ಳು ಹೋಗಿ ತಾಗಿದ್ದು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ. ಅಂದಿನ ನಾಚಿಕೆಯ ಮುಂದೆ, ಇಷ್ಟು ವರುಷ ತಾವು ನಾಚಿಕೆಯೆಂದು ತಿಳಿದು ಹೊತ್ತು ತಿರುಗಿದ್ದೆಲ್ಲ ಬರೀ ಒಣ ಬಿಂಕವೆಂದು ಅವರಿಗೆ ಅರಿವಾಯಿತು.

ಸಂಕ್ರಮಣಕ್ಕೆ ಎಳ್ಳು ಬೆಲ್ಲ ಹಿಡಿದುಕೊಂಡು ಕಳ್ಳಕವಟಗಿಗೆ ಹೋದರು. ಕೋಟು ತೊಡದೆ ಹೋದರು. ರೇಣವ್ವ ಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿ, "ಬರ್ರಿ, ಕುಂದರ್ರಿ" ಎಂದು ಬಾಗಿಲ ಪಕ್ಕಕ್ಕೆ ಸರಿದು ನಿಂತಳು. ಓಣಿಯ ಹೆಂಗಸರು ಬಂದು, "ನಿಮ್ಮಕ್ಕ ಊರತುಂಬ ಹೇಳ್ಯಾಳ್ರಿ, ತಮ್ಮ ರಜಾ ಹಾಕಿ ಗುಮ್ಮಟ ತೋರಿಸಿದ ಅಂತ. ನಿಮ್ಮಂಥಾ ತಮ್ಮ ಎಲ್ಲಾರಿಗೂ ಹುಟ್ಟಲಿ" ಎಂದು ಹರಸಿ ಹೋದರು. ಆ ಹರಕೆಯ ಒಂದೊಂದು ಮಾತೂ ಬಾರುಕೋಲಿನಂತೆ ಬಿದ್ದಿತು. ನಡೆದದ್ದನ್ನು ಆಕೆ ಅಮರಪ್ಪನಿಗೆ ಕೂಡ ಹೇಳಿರಲಿಲ್ಲ. ಎಲ್ಲರೂ ಹೋದ ಮೇಲೆ ರಾಯರು ಅವಳ ಕಾಲ ಹತ್ತಿರ ಕುಳಿತು, "ಯಕ್ಕಾ, ಒಮ್ಮೆ ಬೈದಬಿಡು ಬೇ. ಬೇಕಾದ್ರ ಹೊಡಿ. ಈ ರೀ ಅನ್ನೂದೊಂದ ಬಿಡು" ಎಂದು ಅತ್ತರು. ರೇಣವ್ವನ ಕಣ್ಣಲ್ಲೂ ನೀರು ಬಂತು. ಕೈ ಅವರ ತಲೆಯವರೆಗೆ ಬಂದು, ಅಲ್ಲಿಯೇ ತಡೆದು, ಹಿಂದೆ ಹೋಯಿತು. "ಸಿಟ್ಟ ಇಲ್ರಿ ನನಗ. ಕರೀಬೇಕಂತ ಬಾಯಿ ತಗೀತೇನ್ರಿ, ಬರೂದಿಲ್ಲ" ಎಂದಳು.

ಮುಂದೆ ಅವರು ಪ್ರತಿ ಸೂಟಿಗೂ ಕರೆದರು. ಓಣಿ ತುಂಬಿದಾಗ ಬಾ, ಗುಮ್ಮಟ ತುಂಬಿದಾಗ ಬಾ ಎಂದರು. ಹೊಲ, ಹೈನ, ಕಣ್ಣಿನ ಪರೆ ಎಂದು ಏನೋ ಒಂದು ಹೇಳಿ ಆಕೆ ಬರಲಿಲ್ಲ. ಊರವರು ಪ್ರವಾಸಕ್ಕೆ ದಿನ ಕೇಳಲು ಬಂದರೆ ರಾಯರು ತಲೆಯಲ್ಲಾಡಿಸಿ ಒಳಗೆ ಹೋಗುತ್ತಿದ್ದರು. ಮನುಷ್ಯನಿಗೆ ವಯಸ್ಸಾದಂತೆ ಬಿಗುಮಾನ ಹೆಚ್ಚಾಯಿತೆಂದು ಜನ ಆಡಿಕೊಂಡರು.

ಇಂಥವರು ನಮ್ಮ ನಡುವೆ ಅಪರೂಪವಲ್ಲ. ಹಳ್ಳಿಯನ್ನು ಬಿಟ್ಟು ನಾಲ್ಕು ಅಕ್ಷರ ಕಲಿತು, ಕುರ್ಚಿಯ ತುದಿಯಲ್ಲಿ ಕುಳಿತ ಮಂದಿಯಲ್ಲಿ ಬಹುಪಾಲು ಇವರ ಬಳಗವೇ. ಕೆಟ್ಟವರೆಂದು ಅವರನ್ನು ಕರೆಯಲಾಗದು. ಪ್ರೀತಿ ಅವರಲ್ಲಿ ಯಾರಿಗೂ ಕಡಿಮೆಯಿಲ್ಲ. ಅದನ್ನು ನಾಲ್ಕು ಜನರ ಎದುರಿಗೆ ಒಪ್ಪಿಕೊಳ್ಳಲು ಒಳ್ಳೆಯ ದಿನವೊಂದನ್ನು ಹುಡುಕುತ್ತ ಅವರು ಆಯುಷ್ಯ ಕಳೆಯುತ್ತಾರೆ. ಯಾರ ಕಣ್ಣಿಗೆ ಬೀಳಬಾರದೆಂದು ಅವರು ಹೆದರುತ್ತಾರೋ, ಆ ಜನಕ್ಕೆ ಇವರನ್ನು ನೋಡಲು ಪುರಸೊತ್ತೇ ಇರುವುದಿಲ್ಲ. ಯಾರನ್ನು ಮರೆಯಲ್ಲಿ ಕೂಡಿಸಿ ಬಂದಿರುತ್ತಾರೋ, ಅವರು ಮಾತ್ರ ಇವರ ಒಂದೊಂದು ಮಾತಿಗೂ ಕಿವಿಗೊಟ್ಟು ಕುಳಿತಿರುತ್ತಾರೆ.